ತುದಿಯ ನಳಕ್ಕೆ ಮೊದಲ ಪಾಳಿ

ಇಂಡಿ ಪಟ್ಟಣ ಇನ್ನೂ ಕೌದಿ ಹೊದ್ದು ಮಲಗಿರುವ ಹೊತ್ತು. ಮೂಲೆಯ ಚಹಾ ಅಂಗಡಿಯವನು ಆಗಷ್ಟೇ ಒಲೆ ಹೊತ್ತಿಸುತ್ತಿದ್ದಾನೆ. ರಸ್ತೆ ನಡುವಿನ ಕಲ್ಲುಚಪ್ಪಡಿಯನ್ನು ಕಾಲಿನಿಂದ ಸರಿಸಿ, ಎದೆಯುದ್ದದ ಕಬ್ಬಿಣದ ಚಾವಿಯನ್ನು ಗುಂಡಿಯೊಳಗಿನ ನೀರಿನ ವಾಲ್‌ಗೆ ಇಳಿಬಿಟ್ಟು, ಕಾಳಪ್ಪ ಎರಡೂ ಕೈಯಿಂದ ತಿರುವುತ್ತಾರೆ. ಮೊದಲು ಏನೂ ಕೇಳಿಸುವುದಿಲ್ಲ. ಆಮೇಲೆ ನೆಲದೊಳಗೆ ಗೊಳಗೊಳ ಸದ್ದು.

"ಹೋತ ನೋಡ್ರಿ," ಎನ್ನುತ್ತಾರೆ, ಬಗ್ಗಿದ ಸೊಂಟವನ್ನು ನಿಧಾನವಾಗಿ ನೆಟ್ಟಗೆ ಮಾಡುತ್ತ. "ಇನ್ನ ವಡ್ಡರ ಓಣ್ಯಾಗ ಯಾರೂ ಮಲಗೂದಿಲ್ಲ."

ಇಪ್ಪತ್ತೆರಡು ವರ್ಷದಿಂದ ಕಾಳಪ್ಪ ಈ ಊರಿಗೆ ನೀರು ಬಿಡುತ್ತಿದ್ದಾರೆ. ಭೀಮಾ ನದಿಯಿಂದ ಬಂದು ಎತ್ತರದ ಟ್ಯಾಂಕಿ ಸೇರುವ ನೀರು ಒಂದೊಂದು ಓಣಿಗೆ ನಾಲ್ಕು ದಿನಕ್ಕೊಮ್ಮೆ ಹೋಗಬೇಕು. ನಲವತ್ತು ವಾಲ್, ಒಂದು ಚಾವಿ, ಒಂದು ಹಳೇ ಸೈಕಲ್. ಕೆಲಸ ಹೊರಗುತ್ತಿಗೆಯದು. ಊರಿನವರಿಗೆ ಅವರ ಮನೆತನದ ಹೆಸರು ಗೊತ್ತಿಲ್ಲ, ಎಲ್ಲರಿಗೂ ಅವರು 'ನೀರ ಕಾಳಪ್ಪ'. ನಳದಲ್ಲಿ ನೀರು ಬಂದಾಗ ಅವರ ನೆನಪು ಯಾರಿಗೂ ಆಗುವುದಿಲ್ಲ ಎಂಬುದು ಬೇರೆ ಮಾತು.

ಊರಲ್ಲಿ ಯಾರ್ಯಾರು ಇದ್ದಾರೆ ಎಂದು ಕೇಳಿದರೆ ಕಾಳಪ್ಪ ಜಾತಿಯಿಂದ ಶುರು ಮಾಡುವುದಿಲ್ಲ, ನೀರಿನ ಹೊತ್ತಿನಿಂದ ಶುರು ಮಾಡುತ್ತಾರೆ. ವಡ್ಡರು ಕಲ್ಲು ಒಡೆಯಲು ಬೆಳಕು ಹರಿಯುವ ಮೊದಲೇ ಹೊರಡುವವರು, ಅವರಿಗೆ ನಸುಕಿನಲ್ಲೇ ಬಿಡಬೇಕು. ಲಂಬಾಣಿ ಹೆಂಗಸರು ನಿಂಬೆ ತೋಟದ ಕೂಲಿಗೆ ಹೋಗುವ ಮೊದಲು ಬಿಡಬೇಕು, ಇಲ್ಲದಿದ್ದರೆ ಸಂಜೆಯವರೆಗೆ ಅವರ ಕೊಡ ಖಾಲಿ. ಲಿಂಗಾಯತರ ಓಣಿಯಲ್ಲಿ ಸೋಮವಾರ ಎಂದರೆ ಮನೆಮನೆಯೂ ತೊಳೆಯಬೇಕು. ಅಲ್ಲಿನ ರುಕ್ಮವ್ವ ರವಿವಾರ ರಾತ್ರಿಯೇ ಫೋನ್ ಮಾಡಿ ನೆನಪಿಸುತ್ತಾರೆ. ಮರಾಠರಿಗೆ ಯುಗಾದಿ ಪಾಡ್ಯದ ದಿನ ತಪ್ಪಿಸುವಂತಿಲ್ಲ. ಮಾರವಾಡಿ ಅಂಗಡಿಯವರು ಎಷ್ಟೇ ತಿಳಿ ನೀರು ಬಿಟ್ಟರೂ ಬಟ್ಟೆ ಕಟ್ಟಿ ಸೋಸಿಯೇ ಹಿಡಿಯುತ್ತಾರೆ. "ನನ್ನ ಮ್ಯಾಲ ಅವರಿಗೆ ಅಷ್ಟ ನಂಬಿಕಿ," ಎಂದು ಕಾಳಪ್ಪ ನಗುತ್ತಾರೆ. ದಲಿತರ ಕೇರಿಗೆ ಈಗ ಸ್ವಂತ ಲೈನ್ ಇದೆ. ಅದು ಯಾರೂ ದಾನ ಕೊಟ್ಟದ್ದಲ್ಲ, ಅಲ್ಲಿನ ಹೆಂಗಸರು ಬಿಸಿಲಲ್ಲಿ ಖಾಲಿ ಕೊಡ ಇಟ್ಟುಕೊಂಡು ಧರಣಿ ಕೂತು ಪಡೆದದ್ದು.

ಕಾಳಪ್ಪ ಹೊರ್ತಿ ಕಡೆಯ ಕುರುಬರು. ಹುಡುಗರಿದ್ದಾಗ ಅಪ್ಪನ ಜೊತೆ ಕುರಿ ಕಾಯುತ್ತಿದ್ದರು. ಮದುವೆಯಾದ ಮೇಲೆ ಹೆಂಡತಿ ಸಾತವ್ವನ ಜೊತೆ ಇಂಡಿಗೆ ಬಂದು ಪೈಪ್ ಹೂಳುವ ತಗ್ಗು ತೋಡುವ ಕೂಲಿಗೆ ಸೇರಿದರು, ತೋಡಿದ ತಗ್ಗಿನ ಬೆನ್ನು ಹತ್ತಿಯೇ ಈ ಕೆಲಸಕ್ಕೆ ಬಂದರು. ಕುರಿಯ ಮಾತು ಮಾತ್ರ ಬಾಯಿಂದ ಹೋಗಿಲ್ಲ.

"ಹಿಂಡು ಹಳ್ಳಕ್ಕ ಇಳೀತಂದ್ರ ಗಟ್ಟಿ ಕುರಿ ಮುಂದ ಹೋಗಿ ಕುಡದ ಬಿಡ್ತಾವ್ರಿ. ಹಿಂದಿನವು ರಾಡಿ ನೆಕ್ಕತಾವು. ಅದಕ ನಮ್ಮಪ್ಪ ಕುಂಟಕುರಿ ಮೊದ್ಲ ಇಳಸ್ತಿದ್ದ. ನಾ ಕಲತದ್ದು ಅಷ್ಟ."

ಹಾಗೆ ಹಿಂದೆ ಉಳಿದವರು ಸಾಲೋಟಗಿ ರಸ್ತೆಯ ಅಂಚಿನ ತಗಡಿನ ಮನೆಗಳವರು. ಘಿಸಾಡಿಗಳು. ಊರೂರು ತಿರುಗಿ ಕೊಡಲಿ, ಕುಡಗೋಲು ಮಾಡಿಕೊಡುತ್ತಿದ್ದ ಕಮ್ಮಾರರು, ಮಕ್ಕಳ ಶಾಲೆಗಾಗಿ ಇಲ್ಲಿ ನೆಲೆ ನಿಂತಿದ್ದಾರೆ. ಗಂಡಸರು ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಕೂತರೆ ಹೆಂಗಸರು ನಿಂತು ಸುತ್ತಿಗೆ ಬೀಸುತ್ತಾರೆ. ಊರಿನ ಅರ್ಧ ಕುಡಗೋಲು ಅವರ ಕೈಯವೇ. ಆದರೂ ಊರಿನ ಲೆಕ್ಕದಲ್ಲಿ ಅವರು 'ಬಂದವರು'. ಬೇಡಿ ಬೇಡಿ ಸುಸ್ತಾದ ಮೇಲೆ ಅವರಿಗೂ ಒಂದು ನಳ ಬಂತು. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವಂತೆ, ನಳ ಬಂದರೂ ನೀರು ಬರಲಿಲ್ಲ. ಅದೇ ಲೈನಿನ ಮೇಲ್ಭಾಗದಲ್ಲಿ ನದಾಫರ ಓಣಿ ಇದೆ. ಅಲ್ಲಿನವರು ಮೋಟರ್ ಹಚ್ಚಿ ನೀರು ಎಳೆದರೆ ತುದಿಯ ನಳದಲ್ಲಿ ಬರೀ ಉಸಿರು.

ಅರ್ಧ ತಾಸು ಮೋಟರ್ ಬಂದ್ ಮಾಡಿ ಎಂದು ಕಾಳಪ್ಪ ಆ ಓಣಿಯಲ್ಲಿ ಕೇಳಿಕೊಂಡರು. ಹತ್ತಿ ಹಿಂಜಿ ಗಾದಿ ಹೊಲಿಯುವ ನದಾಫರೇನು ಸಿರಿವಂತರಲ್ಲ, ಅವರಿಗೂ ನಾಲ್ಕು ದಿನಕ್ಕೊಮ್ಮೆಯೇ ನೀರು. ಓಣಿಯ ಪರವಾಗಿ ಮಾತಾಡುವ ಹೆಣ್ಣುಮಗಳು ಮೆಹರಾಜ ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ನಮಗ ಸಾಲವಲ್ದು ಅಣ್ಣಾ. ಅವರಿಗೆ ಎಲ್ಲಿಂದ ಕೊಡೂಣು?"

ಆಗ ಕಾಳಪ್ಪ ಒಂದು ತಪ್ಪು ಮಾಡಿದರು. ಅದನ್ನು ಅವರು ಮುಚ್ಚಿಡುವುದಿಲ್ಲ.

ಹೋದ ಚಳಿಗಾಲದ ಒಂದು ನಸುಕು. ನದಾಫರ ಓಣಿಯ ಪಾಳಿ. ಓಣಿಗೆ ಕವಲೊಡೆಯುವ ವಾಲ್ ತೆರೆದವರು ಸ್ವಲ್ಪ ಹೊತ್ತಿಗೇ ಅದನ್ನು ಮುಚ್ಚಿ, ನೀರನ್ನು ಕೆಳಗೆ ತಗಡಿನ ಮನೆಗಳತ್ತ ತಿರುಗಿಸಿದರು. ಯಾರಿಗೂ ಹೇಳಲಿಲ್ಲ. ತುದಿಯ ನಳ ಮೊದಲ ಸಲ ಧೋ ಎಂದು ಸುರಿಯಿತು. ಘಿಸಾಡಿಗಳ ಹಿರಿಯಾಕೆ ಶೇವಂತಾಬಾಯಿ ತುಂಬಿದ ಕೊಡಗಳನ್ನು ಸಾಲಾಗಿ ಇಟ್ಟು, ಅರಿಷಿಣ ಕುಂಕುಮ ಹಚ್ಚಿ, ಗಂಗವ್ವನಿಗೆ ಊದಿನಕಡ್ಡಿ ಬೆಳಗುತ್ತಿದ್ದರು. ಪಕ್ಕದಲ್ಲೇ ನಿಂತು ನೋಡುತ್ತಿದ್ದ ಕಾಳಪ್ಪನ ಫೋನ್ ಬಡಿದುಕೊಂಡಿತು. ಆ ಕಡೆಯಿಂದ ಮೆಹರಾಜ.

"ಕಾಳಪ್ಪಣ್ಣಾ, ನೀರ ಯಾಕ ನಿಂತಾವು? ಮಾವ ಹ್ವಾದ್ರು. ಮೈ ತೊಳಿಯಾಕ ಒಂದ ತಂಬಿಗಿ ನೀರಿಲ್ಲ."

ಮೆಹರಾಜಳ ಮಾವ ಬಾಬುಲಾಲ ನದಾಫ ರಾತ್ರಿ ತೀರಿಕೊಂಡಿದ್ದರು. ಓಣಿಗೆ ಓಣಿಯೇ ಅವರ ಮನೆಯಲ್ಲಿ ಕೂತಿತ್ತು, ನಳದ ಕಡೆ ಯಾರಿಗೂ ಗಮನವಿರಲಿಲ್ಲ. ಪಾಳಿಯ ದಿನವಾದ್ದರಿಂದ ಕೊಡಗಳೆಲ್ಲ ತಳ ಕಂಡಿದ್ದವು. ಕಾಳಪ್ಪನ ಮದುವೆಯ ಗಾದಿ ಹೊಲಿದುಕೊಟ್ಟದ್ದು ಇದೇ ಬಾಬುಲಾಲ. ವಾಲ್ ತಿರುಗಿಸಿದರೂ ನೀರು ಕೂಡಲೇ ಬರುವುದಿಲ್ಲ. ಖಾಲಿಯಾದ ಪೈಪಿನಲ್ಲಿ ಮೊದಲು ಗಾಳಿ, ಆಮೇಲೆ ಕೆಂಪು ರಾಡಿ. ಅದರಿಂದ ಹೆಣದ ಮೈ ತೊಳೆಯುವುದು ಹೇಗೆ?

"ಮ್ಯಾಲ ಓಣ್ಯಾಗ ಮಯ್ಯತ್ ಆಗೇತವ್ವ, ನೀರಿಲ್ಲ, ನನ್ನಿಂದ ತಪ್ಪಾತು," ಎಂದು ಶೇವಂತಾಬಾಯಿಗೆ ಹೇಳಿ ಅವರು ವಾಲಿನ ಕಡೆ ಓಡಿದರು. ಆಕೆ ಸೆರಗಿನ ತುದಿಯಿಂದ ಕೊಡದ ಮೇಲಿನ ಕುಂಕುಮ ಒರೆಸಿ, ತಲೆಗೆ ಸಿಂಬಿ ಇಟ್ಟು ಕೊಡ ಹೊತ್ತರು. ಬೆನ್ನಿಗೇ ಉಳಿದ ಹೆಂಗಸರೂ ಹೊತ್ತರು. ಅಷ್ಟು ದಿನ ಕಾದು ಸಿಕ್ಕ ನೀರು, ಅವರ ಮನೆಯಲ್ಲಿ ಇನ್ನೂ ಒಬ್ಬರೂ ಗುಟುಕು ಕುಡಿದಿರಲಿಲ್ಲ.

ಬಾಬುಲಾಲರ ಮನೆಯ ಮುಂದೆ ಕೂತ ಗಂಡಸರು ಎದ್ದು ನಿಂತರು. ಯಾರು ಇವರು, ಇದೆಲ್ಲಿಯ ನೀರು ಎಂದು ಒಬ್ಬರು ಕೇಳಿದರು. ಪೈಪ್ ಒಡೆದಿತ್ತು ಎಂದಿದ್ದರೆ ಎಲ್ಲರೂ ನಂಬುತ್ತಿದ್ದರು. ವಾಲ್ ತಿರುಗಿಸಿ ಅಲ್ಲಿಗೆ ಓಡಿಬಂದ ಕಾಳಪ್ಪ ಹಾಗೆ ಹೇಳಲಿಲ್ಲ. "ನಿಮ್ಮ ನೀರ ನಾನ ಕದ್ದು ಅವರಿಗೆ ಬಿಟ್ಟಿದ್ನಿ. ಅವರಿಗೆ ಗೊತ್ತಿರಲಿಲ್ಲ. ನಂದ ತಪ್ಪೈತಿ, ಹೊಟ್ಟ್ಯಾಗ ಹಾಕ್ಕೋರಿ," ಎಂದು ತಲೆ ತಗ್ಗಿಸಿ ನಿಂತರು. ಒಂದು ದೂರು ಹೋಗಿದ್ದರೆ ಹೊರಗುತ್ತಿಗೆಯ ಕೆಲಸ ಅಂದೇ ಮುಗಿಯುತ್ತಿತ್ತು. ಅಷ್ಟರಲ್ಲಿ ಮೆಹರಾಜ ಹೊರಗೆ ಬಂದರು. ಅತ್ತು ಕೆಂಪಾದ ಕಣ್ಣಿನಿಂದ ಕೊಡಗಳ ಸಾಲು ನೋಡಿದರು. ಶೇವಂತಾಬಾಯಿಯ ತಲೆಯ ಮೇಲಿನ ಕೊಡವನ್ನು ತಾವೇ ಇಳಿಸಿಕೊಂಡು ಒಳಗೆ ಹೋದರು.

ದೂರು ಹೋಗಲಿಲ್ಲ. ಮೂರನೇ ದಿನದ ಕಾರ್ಯ ಮುಗಿದ ಮೇಲೆ ಮೆಹರಾಜ ಓಣಿಯ ಹೆಂಗಸರನ್ನು ಸೇರಿಸಿದರು. ಆ ಮಾತು ಬಂದರೆ ಈಗಲೂ ಅವರ ದನಿ ಇಳಿಯುತ್ತದೆ. "ಕುಂಕುಮ ಒರಸಿದ್ದು ಕೊಡದ ಮ್ಯಾಲ ಇನ್ನಾ ಕೆಂಪಗ ಕಾಣತಿತ್ರಿ. ಪೂಜಿಗೆ ಇಟ್ಟ ನೀರ ತಂದ ನಮ್ಮ ಮಾವನ ಮೈಗೆ ಹಾಕಿದ್ರು. ಅಂಥಾವರಿಗೆ ನಾವು 'ನಮಗ ನೀರ ಸಾಲವಲ್ದು' ಅಂದಿದ್ವಿ. ನಾಚಿಕಿ ಬಂತ್ರಿ ನನಗ."

ಅಂದಿನಿಂದ ಆ ಲೈನಿನಲ್ಲಿ ಮೊದಲ ಅರ್ಧ ತಾಸು ಮೋಟರ್ ಬಂದ್, ನೀರು ತುದಿಯ ನಳದ್ದು. ಎಲ್ಲರೂ ನಕ್ಕು ಒಪ್ಪಿದರು ಎಂದರೆ ಸುಳ್ಳಾದೀತು. ಗೊಣಗಿದವರಿದ್ದರು. ಒಬ್ಬರು ಕದ್ದು ಮೋಟರ್ ಹಚ್ಚಿದಾಗ ಮೆಹರಾಜ ಮನೆಯೊಳಗೇ ಹೋಗಿ ವಾಯರ್ ಕಿತ್ತು ಕಂಕುಳಲ್ಲಿಟ್ಟುಕೊಂಡು ಬಂದರಂತೆ. ಈಗ ಗೊಣಗು ಕಡಿಮೆಯಾಗಿದೆ. ನದಾಫರ ಕತ್ತರಿಗಳಿಗೆ ಘಿಸಾಡಿಗಳೇ ಸಾಣೆ ಹಿಡಿದುಕೊಡುತ್ತಾರೆ.

ಕಾಳಪ್ಪನಿಗೆ ಇನ್ನೆರಡು ವರ್ಷದ ಕೆಲಸ ಉಳಿದಿದೆ. ಈ ಪಾಳಿ ಯಾವ ಕಾಗದದಲ್ಲೂ ಇಲ್ಲ, ಬರೀ ಬಾಯಿಮಾತಿನದು. ಅದೊಂದೇ ಅವರ ಚಿಂತೆ. "ನನ್ನ ಹಿಂದ ಬರಾಂವ ಇದನ್ನ ಮುರೀಬಾರ್ದು. ಮತ್ತ ವಾಲ್ ಬಂದ್ ಮಾಡೂಕಿಂತ ಮೊದ್ಲ, ಓಣ್ಯಾಗ ಎಲ್ಲಾರೂ ಆರಾಮ ಅದಾರೇನು ಅಂತ ಒಂದ ಮಾತ ಕೇಳಬೇಕು. ನಾ ಕೇಳಿದ್ದಿಲ್ಲ. ಈಗ ದಿನಾ ಕೇಳ್ತೇನಿ."

ಮಾತಿನಲ್ಲೇ ಬಿಸಿಲು ಏರಿದೆ, ನಡುವೆ ಅವರ ಫೋನ್ ಕಿರುಚುತ್ತದೆ. ರಾತ್ರಿ ಕರೆಂಟ್ ಹೋಗಿ ಟ್ಯಾಂಕಿ ತಡವಾಗಿ ತುಂಬಿದೆ, ನೀರು ಇನ್ನೂ ತುದಿ ತಲುಪಿಲ್ಲ. ಶೇವಂತಾಬಾಯಿಯ ದನಿ ಚಹಾ ಅಂಗಡಿಯವನಿಗೂ ಕೇಳುವಷ್ಟು ಜೋರಾಗಿದೆ. "ಏ ಕಾಳಪ್ಪಾ, ಎಲ್ಲಿ ಬಿದ್ದಿ? ಹೊತ್ತ ಮೂಡಿ ಮಾರುದ್ದ ಆತು, ನಳದಾಗ ಹನಿ ನೀರಿಲ್ಲ! ನಮ್ಮ ಪಾಳಿ ಯಾರಿಗೆ ಮಾರಿಕೊಂಡಿ?"

ಕಾಳಪ್ಪ ಸೈಕಲ್ ಏರುತ್ತಾರೆ. ಅವರ ಮುಖದ ತುಂಬ ನಗು.

"ಮೊದ್ಲ ಕೈ ಮುಗದ ನಿಂದ್ರತಿದ್ಲರಿ. 'ಸಾಹೇಬ್ರ, ಎಲ್ಲಾರದೂ ಆಗಿ ಉಳದ್ರ ಒಂದ ಕೊಡ ಬಿಡ್ರಿ' ಅಂತಿದ್ಲು. ಈಗ ಹೆಂಗ ಬೈತಾಳ ಕೇಳಿದ್ರಿಲ್ಲ? ಈಗ ಆಕಿ ಊರಾಕಿ ಆದ್ಲು."