ಕುಣಿಯದ ದಿಯೋಗ

ಯಲ್ಲಾಪುರದ ಕಾಡಂಚಿನಲ್ಲಿ, ಆಫ್ರಿಕಾ ಮೂಲದ ಸಿದ್ದಿಗಳ ಕೇರಿಯಲ್ಲಿ ಹುಟ್ಟಿದ ದಿಯೋಗನಿಗೆ ಚಿಕ್ಕಂದಿನಿಂದ ಒಂದೇ ಸಿಟ್ಟು. ಗುಂಗುರು ಕೂದಲು, ಇದ್ದಿಲಿನ ಮೈಬಣ್ಣ ಕಂಡವರೆಲ್ಲ ‘ಕುಣಿಯೋ’ ಎನ್ನುತ್ತಿದ್ದರು. ಅವನು ಕುಣಿಯಲಿಲ್ಲ, ಕುಣಿಯುವವರ ಮೊಣಕಾಲು ಎಲ್ಲಿ ಮಡಚುತ್ತದೆಂದು ನೋಡುತ್ತ ಕೂತ. ಹುಬ್ಬಳ್ಳಿಯಲ್ಲಿ ಸಿನಿಮಾ ಬೋರ್ಡುಗಳಿಗೆ ಬಣ್ಣ ಕಲಸಿದ, ಮುಂಬಯಿಯ ಸ್ಟುಡಿಯೋ ಒಂದರಲ್ಲಿ ಕಾರ್ಟೂನಿಗೆ ಗೆರೆ ಎಳೆದ, ಅಲ್ಲಿಂದ ಕುವೈತಿನ ಜಾಹೀರಾತು ಸ್ಟುಡಿಯೋ ಒಂದಕ್ಕೆ ಹಾರಿದ. ಚಿತ್ರಕ್ಕೆ ನಡೆಯಲು ಕಲಿಸಿದವನು ಆ ಕೇರಿಯಲ್ಲಿ ಅವನೇ ಮೊದಲಿಗ. ಅಲ್ಲಿನ ಟೀವಿಯ ಚಹಾ ಜಾಹೀರಾತಿನಲ್ಲಿ ಒಂಟೆ ಓಡಿದರೆ ಅದರ ನಾಲ್ಕು ಕಾಲೂ ದಿಯೋಗನವು.

೧೯೯೦ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಸ್ಟುಡಿಯೋದ ಕಫೀಲ್, ವೀಸಾ ಕೊಡಿಸಿದ ಅರಬ್ ಮಾಲೀಕ, ಸೌದಿಯತ್ತ ಕಾಲಿಗೆ ಬುದ್ಧಿ ಹೇಳಿದ. ಸೈನಿಕರು ಕ್ಯಾಮೆರಾದ ಜೊತೆ ತಿಜೋರಿಯನ್ನೂ ಹೊತ್ತೊಯ್ದರು. ದಿಯೋಗನ ಪಾಸ್‌ಪೋರ್ಟ್ ಅದರೊಳಗಿತ್ತು.

ಖೈತಾನ್ ಬಡಾವಣೆಯ ಶಾಲೆಯೊಂದರಲ್ಲಿ, ಊರಿಗೆ ಮರಳುವ ಭಾರತೀಯರನ್ನು ಮೊದಲು ಇರಾಕಿನ ಬಸ್ರಾಕ್ಕೆ ಸಾಗಿಸುವ ಬಸ್ಸಿಗೆ ಚೀಟಿ ಕೊಡುತ್ತಿದ್ದರು. ಮೇಜಿಗೆ ಕೂತ ದೆಹಲಿಯ ಸ್ವಯಂಸೇವಕ ತಲೆಯೆತ್ತಿ, “ಸೂಡಾನಿನವರ ಸಾಲು ಆಚೆ, ಭಾಯಿ” ಎಂದ. ದಿಯೋಗ ಕನ್ನಡ ಆಡಿ ತೋರಿಸಿದರೂ ಒಪ್ಪಲಿಲ್ಲ.

“ನಮ್ಮವರ ಜೊತೆ ಇದ್ದು ಇದ್ದು ಯಾರಿಗಾದರೂ ಭಾಷೆ ಬರುತ್ತದೆ. ನಿನ್ನ ಊರ ಕಡೆಯನ್ನು ಬಲ್ಲ ಇಬ್ಬರು ಸಹಿ ಹಾಕಲಿ.”

ದಿಯೋಗ ತನ್ನ ರೂಮಿನ ಜೊತೆಗಾರ, ಹೋಟೆಲ್ ಕೆಲಸದ ರೋಹಿದಾಸನ ಮುಖ ನೋಡಿದ.

“ನಾನು ಉಡುಪಿಯವ ಮಾರಾಯ, ನಿನ್ನ ಊರು ಕಂಡವನಾ? ಸುಳ್ಳು ಸಹಿ ಅಂತ ನನ್ನ ಸೀಟೂ ಖಲಾಸ್ ಆದ್ರೆ? ಸಿದ್ದಿ ಹೌದಾದ್ರೆ ಒಮ್ಮೆ ಕುಣಿದು ತೋರಿಸು, ನಂಬ್ತಾರೆ.”

“ಕುಣಿಯೂದಿಲ್ಲ” ಎಂದ ದಿಯೋಗ. “ಕಾಗ್ದ ಕೊಡಿ.”

ಕಿಟಕಿಯ ಗಾಜಿಗೆ ಹಾಳೆ ಒತ್ತಿ, ಹಿಂದಿನದರ ಗೆರೆ ಕಾಣುವಂತೆ ಅದರ ಮೇಲೆ ಇನ್ನೊಂದಿಟ್ಟು, ಒಂದಾದ ಮೇಲೊಂದು ಚಿತ್ರ ಬರೆಯುತ್ತ ಹೋದ. ಹಾಳೆಗಳ ಕಟ್ಟು ಹಿಡಿದು ಬೆರಳಲ್ಲಿ ಸರ್ರನೆ ಬಿಟ್ಟಾಗ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಡೆದು ಬಂದಳು.

ಸಾಲಿನಲ್ಲಿದ್ದ ಅಂಕೋಲೆಯ ಪದ್ಮಮ್ಮ, ರುಮೈಥಿಯಾದ ಮನೆಯೊಂದರಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳು, ಕತ್ತು ಚಾಚಿದಳು.

“ಅಯ್ಯ, ಇದು ನಮ್ಮ ಅಂಕೋಲೆ ಕಡೆ ಹಾಲಕ್ಕಿ ಹೆಂಗ್ಸಲ್ವೆ! ಭುಜದ ಮೇಲೆ ಸೀರೆ ಗಂಟು, ಕುತ್ತಿಗೆ ತುಂಬ ಮಣಿಸರ!”

“ಫೋಟೋ ನೋಡಿ ಬರೆದಿರಬಹುದು” ಎಂದ ಸ್ವಯಂಸೇವಕ.

“ಫೋಟೋದಲ್ಲಿ ಮಣಿ ಅಲುಗ್ತದ್ಯೇ? ಕಾಲು ಮುಂದೆ ಬಂದ್ಮೇಲೆ ಮಣಿ ಬರ್ತದೆ, ಸರೀ ನೋಡಿ. ನಮ್ಮನೆ ಬಾಗ್ಲಿಗೆ ಬಸಳೆ ತರೋಳು ಹಿಂಗೇ ಬರ್ತಿದ್ಲು.” ಪದ್ಮಮ್ಮ ಸ್ವಯಂಸೇವಕನನ್ನು ಹಿಂದಿಯಲ್ಲೇ ಹೀಗೆ ಜಾಡಿಸಿ, ದಿಯೋಗನತ್ತ ತಿರುಗಿದಳು. “ನೀ ಎಲ್ಲಿ ಕಂಡ್ಯೋ ತಮಾ?”

“ಅಂಕೋಲೆ ಪೇಟೇಲಿ, ಅಕ್ಕಾ. ಅಪ್ಪ ಜೇನು ಮಾರೂಕೆ ಹೋಗ್ವಾಗ ನನ್ನೂ ಕರ್ಕಂಡು ಹೋಗ್ತಿದ್ದ.”

ಪದ್ಮಮ್ಮ ಸಹಿ ಹಾಕಿದಳು. ಇನ್ನೂ ಒಂದು ಬೇಕಿತ್ತು. ರೋಹಿದಾಸ ಗಂಟಲು ಸರಿಮಾಡಿಕೊಂಡು ಪೆನ್ನಿಗೆ ಕೈಚಾಚಿದ.

“ಈಗ ಕಂಡ್ಯಾ ಅವನ ಊರು?” ಎಂದಳು ಪದ್ಮಮ್ಮ.

“ನಾನೆಲ್ಲಿ ಕಂಡದ್ದು, ಪದ್ಮಕ್ಕ? ಅದೇ ನಡ್ಕೊಂಡು ಬಂತಲ್ಲ!”

ಸ್ವಯಂಸೇವಕ ಚೀಟಿ ಕೊಟ್ಟ. ಹಾಳೆಗಳನ್ನು ಪುರಾವೆಯೆಂದು ತಾನೇ ಇಟ್ಟುಕೊಂಡ. ದಿಯೋಗ ಬಸ್ಸಿನಲ್ಲಿ ಕೂತವನು ಬಸ್ರಾ ಬರುವವರೆಗೆ ನಿದ್ದೆ ಹೊಡೆದ. ಮರುವರ್ಷ ಯುದ್ಧ ಮುಗಿದ ಮೇಲೆ ರೋಹಿದಾಸ ಕುವೈತಿಗೆ ಮರಳಿದ. ದಿಯೋಗ ಮುಂಬಯಿಯ ಹಳೆಯ ಮೇಜಿಗೇ ಹೋಗಿ ಕೂತ.