ನೆರಳಿನ ಅಳತೆ

ಕಣ್ಣು ತಿಳಿಯಾಗಿದ್ದರೆ ಲೋಕವೂ ತಿಳಿ... ಹೀಗೇನೋ ಒಂದು ಸಾಲು ಎಲ್ಲೋ ಓದಿದ್ದೆ. ಪೂರ್ತಿ ನೆನಪಿಲ್ಲ. ಅಷ್ಟು ಸುಲಭವಾ ಅದು? ಬರೆದವರಿಗೆ ನನ್ನ ಎಡಗಣ್ಣನ್ನು ಒಂದು ದಿನದ ಮಟ್ಟಿಗೆ ಕೊಟ್ಟು ಕೇಳಬೇಕು ಅನ್ನಿಸುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಆ ಕಣ್ಣೊಳಗೆ ಒಂದು ಕಪ್ಪು ಉಂಗುರ ತೇಲತೊಡಗಿತು. ಕಣ್ಣು ಹೊರಳಿಸಿದರೆ ಓಡುತ್ತದೆ, ನಿಲ್ಲಿಸಿದರೆ ಮೆಲ್ಲಗೆ ಬಂದು ಓದುತ್ತಿರುವ ಸಾಲಿನ ಮೇಲೇ ಕೂರುತ್ತದೆ.

ಎದುರು ಮನೆಯ ಜಯಮ್ಮನವರಿಗೆ ವಾರಪತ್ರಿಕೆಯ ಧಾರಾವಾಹಿ ಓದಿ ಹೇಳುವುದು ನನ್ನ ಮಧ್ಯಾಹ್ನದ ಸುಖ. ಪತ್ರಿಕೆ ತರಿಸುವುದು ಅವರೇ. ಮನೆಮಾತು ತೆಲುಗು, ಕೇಳಿದರೆ ಕನ್ನಡ ಚೆನ್ನಾಗಿ ತಿಳಿಯುತ್ತದೆ, ಅಕ್ಷರ ಬಾರದು. ಆಂಧ್ರದ ಗಡಿಗಂಟಿದ ನಮ್ಮ ಮುಳಬಾಗಿಲಿನಲ್ಲಿ ಇಂಥವರು ಬೀದಿಗೊಬ್ಬರು.

ನಾನು ಕನ್ನಡದಲ್ಲಿ ಓದುತ್ತೇನೆ, ಅವರು ಹುರುಳಿ ಆರಿಸುತ್ತ ಕಥೆಯ ಅತ್ತೆಯನ್ನು ತೆಲುಗಿನಲ್ಲಿ ಬೈಯುತ್ತಾರೆ.

ಕಥೆಯ ಹುಡುಗಿಯನ್ನು ಆಸ್ಪತ್ರೆಗೆ ಸೇರಿಸಿದ ವಾರವೇ ನನ್ನ ಓದು ನಿಂತಿತು. ಸಾಲು ತಪ್ಪುತ್ತಿತ್ತು, ತಲೆ ಸಿಡಿಯುತ್ತಿತ್ತು. ಕಣ್ಣು ಸರಿಹೋಗಲಿ ಅಂದೆ. ಜಯಮ್ಮ ಪತ್ರಿಕೆ ಮಡಿಸಿಕೊಂಡು ಎದ್ದು ಹೋದರು.

ಮೊದಲು ತೋರಿಸಿದ ಡಾಕ್ಟರು ಕಣ್ಣಿನ ಹಿಂಪದರ, ಅಂದರೆ ರೆಟಿನಾ, ಹರಿದಿಲ್ಲ, ವಯಸ್ಸಿಗೆ ಬರುವಂಥದ್ದು, ಅಭ್ಯಾಸವಾಗುತ್ತದೆ ಎಂದರು. ತಿಂಗಳುಗಳು ಕಳೆದರೂ ಅಭ್ಯಾಸವಾಗಲಿಲ್ಲ.

"ಕವಿತೆ ಓದೋರಿಗೆ ಇಲ್ಲದ್ದೆಲ್ಲ ಕಾಣುತ್ತೆ ಕಣೇ" ಅಂತ ಯಜಮಾನರ ತಮಾಷೆ. ನಕ್ಕೆ. ಆದರೆ ನಿಜಕ್ಕೂ ಇಲ್ಲದ್ದೇ ಕಾಣುತ್ತಿದೆಯೇನೋ ಎಂಬ ಅಳುಕು ಒಳಗೇ ಉಳಿಯಿತು.

ಕೊನೆಗೆ ಕೋಲಾರದಲ್ಲಿ ಇನ್ನೊಬ್ಬ ಡಾಕ್ಟರಮ್ಮನ ಬಳಿ ಹೋದೆವು. ಅವರು ಡ್ರಾಪ್ಸ್ ಹಾಕಿಸಿ ಕಣ್ಣೊಳಗಿನ ಫೋಟೋ ತೆಗೆದರು.

ಕಂಪ್ಯೂಟರ್ ಪರದೆಯಲ್ಲಿ, ರೆಟಿನಾದ ಮೇಲೆ ಬಿದ್ದ ಬೂದು ನೆರಳು... ಉಂಗುರ, ಅದಕ್ಕೊಂದು ಬಾಲ. ನಾನು ದಿನವೂ ನೋಡುತ್ತಿದ್ದ ಅದೇ ಆಕಾರ.

ಯಜಮಾನರು ಬಗ್ಗಿ ನೋಡಿದರು. "ಇಷ್ಟು ದೊಡ್ಡದು ಇಟ್ಕೊಂಡಿದ್ಯಾ?" ಅಂದರು. ಆಮೇಲೆ ತಮಾಷೆ ಮಾಡಲಿಲ್ಲ. ನನಗೆ ಅಲ್ಲೇ ಕಣ್ಣು ತುಂಬಿತು.

ಡಾಕ್ಟರಮ್ಮ ನೆರಳಿನ ಸುತ್ತ ಗೆರೆ ಎಳೆದು ಅದರ ವಿಸ್ತೀರ್ಣ ಅಳೆದರು. "ಎಲ್ಲರಿಗೂ ಲೇಸರ್ ಮಾಡಲ್ಲಮ್ಮ. ನಿಮ್ಮದು ಕಣ್ಣೊಳಗಿನ ಲೋಳೆಯಲ್ಲಿ ತೇಲ್ತಿರೋ ಎಳೆ, ರೆಟಿನಾದಿಂದ ದೂರ ಇದೆ, ಲೆನ್ಸಿಂದಲೂ ದೂರ ಇದೆ, ಲೇಸರಿಂದ ಒಡೆದು ನೋಡಬಹುದು. ಆಮೇಲೆ ಇದೇ ಥರ ಇನ್ನೊಂದು ಫೋಟೋ ತೆಗೆದು ಅಳೆಯೋಣ. ನಿಮಗೆ ಹಾಗನ್ನಿಸ್ತು, ನನಗೆ ಹೀಗನ್ನಿಸ್ತು ಅನ್ನೋದು ಬೇಡ."

ಲೇಸರ್ ಆಯಿತು. ನೋವಿಲ್ಲ, ಟಿಕ್ ಟಿಕ್ ಸದ್ದು ಅಷ್ಟೆ. ಒಂದೇ ಸಲಕ್ಕೆ ಮುಗಿಯದೆ ಮತ್ತೆ ಕರೆದರು.

ಕಣ್ಣು ಹಗುರವೆನ್ನಿಸಿತು. ಆದರೂ ನಂಬಲು ಭಯ. ಹಗುರವಾಗಲಿ ಎಂದು ಆಸೆಪಟ್ಟಿದ್ದಕ್ಕೇ ಹಾಗನ್ನಿಸುತ್ತಿದ್ದರೆ?

ಎರಡನೆಯ ಫೋಟೋ ತೆಗೆದ ದಿನ ಎರಡೂ ನೆರಳನ್ನು ಅಕ್ಕಪಕ್ಕ ಇಟ್ಟರು. ಉಂಗುರ ಒಡೆದು ಚೂರಾಗಿತ್ತು. ಅಳತೆಯಲ್ಲಿ ಮೊದಲಿನ ಅರ್ಧಕ್ಕಿಂತ ಕಡಿಮೆ. ಒಂದು ಎಳೆ ಈಗಲೂ ತೇಲುತ್ತದೆ, ಸಾಲಿನ ಮೇಲೆ ಕೂರುವುದಿಲ್ಲ. ಇದ್ದುಕೊಳ್ಳಲಿ.

ವಾಸಿ ಮಾಡಿದ್ದಕ್ಕೆ ಕೃತಜ್ಞತೆ ಇದೆ. ಅದಕ್ಕೂ ಮೊದಲು, ನಾನು ಕಂಡದ್ದನ್ನು ಇನ್ನೊಬ್ಬರೂ ಕಂಡರಲ್ಲ... ಅದಕ್ಕೆ ಏನೆನ್ನಲಿ.

ಬಸ್ಸಿಳಿದು ಮನೆಗೆ ಬಂದು ಬೀಗ ತೆಗೆಯುತ್ತಿದ್ದೇನೆ, ಹಿಂದೆ ಜಯಮ್ಮ. ಕಂಕುಳಲ್ಲಿ ಪತ್ರಿಕೆಗಳ ಕಟ್ಟು.

"ಏಮ್ಮಾ, ಕಣ್ಣು ಸರಿಹೋಯ್ತಾ? ನಮ್ಮ ಸೊಸೆ ಓದ್ತೀನಿ ಅಂದ್ಲು, ನಾನೇ ಬೇಡ ಅಂದೆ. ಆಸ್ಪತ್ರೆ ಸೇರಿದ ಆ ಕಥೆ ಹುಡುಗಿ ಸತ್ತಳೋ ಬದುಕಿದಳೋ, ನಿನ್ನ ಬಾಯಲ್ಲೇ ಕೇಳೋಣ ಅಂತ ಇಷ್ಟು ದಿನ ತಡ್ಕೊಂಡಿದೀನಿ."