ಕೆಳಗಿಳಿದು ನಿಂತವರ ತೂಕ

ಗಾಡಿಯಲ್ಲಿ ದೋಷವಿರಲಿಲ್ಲ, ಮಾರಲು ಬಂದವನು ಸುಳ್ಳು ಹೇಳಿರಲಿಲ್ಲ, ತೂಕದ ಯಂತ್ರವೂ ಸರಿಯಾಗಿಯೇ ಇತ್ತು. ವಯಸ್ಸಾದ ಐದು ಜನ ಕೆಳಗಿಳಿದು ನಿಂತು ಗಾಡಿಯನ್ನು ತೂಗಿಸಿದೆವು, ನಡೆದದ್ದು ಅಷ್ಟೆ. ಇಳಿಯಿರಿ ಎಂದು ಎಲ್ಲರನ್ನೂ ಗದರಿಸಿದವಳು ನಾನೇ ಆದ್ದರಿಂದ ಇದನ್ನು ಬರೆಯುವ ಹಕ್ಕೂ ನನ್ನದೇ.

ನನ್ನ ಅಳಿಯ ಶಿವಣ್ಣ ತಾಂಡ್ಯದ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಮೆಷಿನ್ನಿನ ಮುಂದೆ ನಿಂತು ನಿವೃತ್ತನಾದವನು. ಅಷ್ಟು ವರ್ಷ ನಿಂತ ಮನುಷ್ಯನಿಗೆ ಇನ್ನು ಕೂತು ಊರೂರು ನೋಡಬೇಕೆಂಬ ಆಸೆ ಹುಟ್ಟಿದರೆ ತಪ್ಪೇನು? ಮಲಗಲು ಮಂಚ, ಬೇಯಿಸಲು ಒಲೆ, ಮೇಲೆ ನೀರಿನ ಟ್ಯಾಂಕು, ಎಲ್ಲವೂ ಇರುವ ಒಂದು ಮನೆಗಾಡಿಯನ್ನು ಮೈಸೂರಿನವನೊಬ್ಬ ಮಾರುತ್ತಿದ್ದ. ದೊಡ್ಡ ವ್ಯಾನಿನ ಸೀಟುಗಳನ್ನು ಕಿತ್ತು ಮನೆ ಮಾಡಿದ್ದು. ಶಿವಣ್ಣನ ದುಡಿಮೆಯೆಲ್ಲ ಅದರೊಳಕ್ಕೆ ಹೋಗುವುದಿತ್ತು. ತಪ್ಪಿದರೆ ಇನ್ನೊಂದು ಇಪ್ಪತ್ತೆಂಟು ವರ್ಷ ಅವನ ಬಳಿ ಇಲ್ಲ. ಮೊದಲ ಪಯಣ ಮಾದೇಶ್ವರನ ಬೆಟ್ಟಕ್ಕೆ ಎಂದು ಗೊತ್ತಾಗಿತ್ತು. ಹೊರಡುವವರು ಐದು ಜನ: ಅವನು, ನನ್ನ ಮಗಳು ರಾಜಮ್ಮ, ಅವನ ಅಣ್ಣ, ಅತ್ತಿಗೆ, ಮತ್ತು ನಾನು.

ಒಳಗೆ ಹೋಗಿ ನೋಡಿದರೆ ಅಡುಗೆಕಟ್ಟೆಗೆ ಗ್ರಾನೈಟ್ ಹಾಸಿದ್ದ, ಮಹಾರಾಯ. ತೇಗದ ಮಂಚ. "ನಿಮ್ ಮನೆ ತರಾನೇ ಅದೆ ಅಲ್ವಾ ಅಮ್ಮಾ?" ಎಂದು ಮಾರುವವನು ಮಂಚವನ್ನು ತಟ್ಟಿ ತೋರಿಸಿದ. ಮನೆಗೆ ಅಡಿಪಾಯವಿರುತ್ತದೆ, ಇದಕ್ಕೆ ಇರುವುದು ನಾಲ್ಕು ಚಕ್ರ ಎಂದುಕೊಂಡೆ. ಶಿವಣ್ಣ ಆರ್.ಸಿ. ಪುಸ್ತಕ ಬಿಡಿಸಿ ಓದಿದ: ಗಾಡಿ, ಜನ, ಸಾಮಾನು ಎಲ್ಲ ಸೇರಿ ನಾಲ್ಕು ಸಾವಿರ ಕೆಜಿ ಮೀರಬಾರದು, ಬರೀ ಗಾಡಿ ಎರಡು ಸಾವಿರದ ಒಂಬೈನೂರು. ಒಂದು ಟನ್ನಿಗಿಂತ ಹೆಚ್ಚು ಹೇರಬಹುದೆಂದು ಅವನ ಮುಖ ಅರಳಿತು. ನಾನು ಓದಿದ್ದು ಮೂರನೇ ಕ್ಲಾಸು. ಪುಸ್ತಕಕ್ಕಿಂತ ತಕ್ಕಡಿಯ ಮೇಲೆ ನನಗೆ ನಂಬಿಕೆ ಜಾಸ್ತಿ. ಆ ಪುಸ್ತಕ ಬರೆದಾಗ ಈ ಗ್ರಾನೈಟ್ ಎಲ್ಲಿತ್ತು? ತೂಗಿಸಿ ನೋಡೋಣ ಅಂದೆ.

ತಾಂಡ್ಯದ ರಸ್ತೆಯಲ್ಲಿ ಲಾರಿಗಳನ್ನು ತೂಗುವ ವೇಬ್ರಿಡ್ಜಿಗೆ ಗಾಡಿ ಬಂತು. ಇಲ್ಲಿ ನಮ್ಮ ಸೀಮೆಯ ಒಂದು ಅಭ್ಯಾಸ ಹೇಳಬೇಕು. ಭತ್ತವೋ ಕಬ್ಬೋ ಬಾಳೆಯೋ, ಮಾಲು ಹೊತ್ತ ಗಾಡಿ ತೂಕಕ್ಕೆ ಹತ್ತಿತೆಂದರೆ ನಾವು ಕೆಳಗಿಳಿದು ಮಾರು ದೂರ ನಿಲ್ಲುತ್ತೇವೆ. ಮನುಷ್ಯನ ತೂಕ ಮಾಲಿಗೆ ಸೇರಿದರೆ ಅಧರ್ಮ. ನನ್ನ ಗಂಡನಂತೂ ಹೆಗಲ ಟವೆಲ್ಲನ್ನು ಗಾಡಿಯಲ್ಲಿ ಬಿಟ್ಟಿದ್ದರೆ ಓಡಿಹೋಗಿ ತರುತ್ತಿದ್ದರು. ಆ ಸಂಸಾರದಲ್ಲಿ ನಲವತ್ತು ವರ್ಷ ಬಾಳಿದ ನಾನು ಅಂದು ಎಲ್ಲರನ್ನೂ ಇಳಿಸಿದೆ. ಟ್ಯಾಂಕಿನ ನೀರು ಬಿಡಿಸಿದೆ. ಗ್ಯಾಸ್ ಸಿಲಿಂಡರನ್ನು ಇಳಿಸಿದೆ. ಶಿವಣ್ಣನ ಅತ್ತಿಗೆ ಒಳಗೆ ಮರೆತ ಛತ್ರಿಯನ್ನೂ ತೆಗೆಸಿದೆ. ಚೀಟಿ ಬಂತು: ಮೂರು ಸಾವಿರದ ನಾನೂರ ಎಂಬತ್ತು.

"ನೋಡಿ, ಇನ್ನೂ ಐನೂರ ಇಪ್ಪತ್ತು ಕೆಜಿ ಅದೆ," ಎಂದ ಮಾರುವವನು. ಪುಸ್ತಕದ ಟನ್ನು ಅರ್ಧಕ್ಕಿಳಿದಿದ್ದರೂ ಐನೂರು ಎಂಬುದು ಕಿವಿಗೆ ದೊಡ್ಡದಾಗಿಯೇ ಕೇಳಿಸಿತು. ಶಿವಣ್ಣ ಮುಂಗಡಕ್ಕೆಂದು ಜೇಬಿಗೆ ಕೈ ಹಾಕಿದ.

ಅಷ್ಟರಲ್ಲಿ ವೇಬ್ರಿಡ್ಜಿನವನು ಕಿಟಕಿಯಿಂದ ತಲೆ ಹಾಕಿದ. "ಅಲ್ಲಾ ಕಣಜ್ಜಿ, ಈ ಗಾಡೀಲಿ ಓಗೋರು ಯಾರು?"

"ಯಾಕಪ್ಪಾ, ನಾವೇಯ."

"ಮತ್ತೆ ಎಲ್ರೂ ಕೆಳಗ್ ನಿಂತಿದ್ದೀರಲ್ಲ? ಗಾಡಿ ಮುಂದ್ ಓಗ್ತದೆ, ನೀವು ಇಂದ್ಗುಟ್ಟೇ ನಡ್ಕಂಡ್ ಬತ್ತೀರಾ?"

ಅತ್ತಿಗೆ ಕಿಸಕ್ಕೆಂದರು. ಐವತ್ತು ವರ್ಷ ತಕ್ಕಡಿಯನ್ನು ನಂಬಿದವಳಿಗೆ ತಕ್ಕಡಿಯ ಮುಂದೆಯೇ ಇಂಥ ಮಂಗಳಾರತಿ. ನನಗೆ ನಗು ಬರಲಿಲ್ಲ. "ಗಾಡಿ ಅತ್ರಿ ಎಲ್ರೂ," ಅಂದೆ. ನೀರು ತುಂಬಿಸಿದೆವು, ನೂರೈವತ್ತು ಲೀಟರು. ಬಿಂದಿಗೆ ಹೊತ್ತ ಹೆಂಗಸಿಗೆ ನೀರಿನ ಭಾರವನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೂ ಅಷ್ಟು ಹೊತ್ತು ಅದು ನನ್ನ ತಲೆಗೆ ಹೊಳೆದಿರಲಿಲ್ಲ. ಸಿಲಿಂಡರು ಒಳಗೆ ಹೋಯಿತು, ಶಿವಣ್ಣ ಸ್ಟೀರಿಂಗ್ ಹಿಡಿದ, ನಾವು ನಾಲ್ವರು ಒಳಗೆ ಕೂತೆವು. ಎರಡನೇ ಚೀಟಿ: ಮೂರು ಸಾವಿರದ ಒಂಬೈನೂರ ತೊಂಬತ್ತು.

ಉಳಿದದ್ದು ಹತ್ತು ಕೆಜಿ. ಐದು ಜನಕ್ಕೆ ತಲಾ ಎರಡು. ಅಕ್ಕಿ, ರಾಗಿಹಿಟ್ಟು, ಪಾತ್ರೆ, ಹಾಸಿಗೆ, ಬಟ್ಟೆ, ಎಲ್ಲವೂ ಅದರಲ್ಲೇ. ನನ್ನ ಎಲೆಅಡಿಕೆ ಚೀಲವೇ ಒಂದು ಕೆಜಿ ತೂಗುತ್ತದೆ.

"ಅಯ್ಯೋ, ಇದೇನ್ ಜಲ್ಲಿ ಲಾರಿಯಾ ಅಮ್ಮಾ? ದಾರೀಲಿ ಯಾರು ತಡ್ದು ತೂಗ್ತಾರೆ?" ಎಂದ ಮಾರುವವನು.

"ಯಾರೂ ತೂಗಲ್ಲ ಕಣಪ್ಪ. ಬೆಟ್ಟ ಇಳೀವಾಗ ಬ್ರೇಕು ತೂಗ್ತದೆ," ಅಂದೆ. ಶಿವಣ್ಣ ಮತ್ತೆ ಮುಂಗಡಕ್ಕೆಂದು ಜೇಬಿಗೆ ಕೈ ಹಾಕಲಿಲ್ಲ.

ಟಿ. ನರಸೀಪುರದ ಮಗಳ ಮನೆಗೆ ಮರಳಿದೆವು. "ಅವ್ವಾ, ಆಸೆ ಇಟ್ಕಂಡಿದ್ರು ಕಣವ್ವ," ಎಂದು ರಾಜಮ್ಮ ನನ್ನನ್ನೇ ದಿಟ್ಟಿಸಿದಳು. ನಾನು ಬರೋದಿಲ್ಲ, ನನ್ನ ಜಾಗದಲ್ಲಿ ಅಕ್ಕಿ ಹೇರಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಮ್ಮಂಥ ಹೆಂಗಸರಿಗೆ ಅದು ಬಲು ಸಲೀಸು. ನನ್ನದೇನು, ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಸೆರಗು ಒದರಿಬಿಡುತ್ತೇವೆ. ಅದನ್ನು ತ್ಯಾಗವೆಂದು ನಾಲ್ಕು ಜನ ಹೊಗಳುವುದೂ ಉಂಟು. ನಿಜವಾಗಿ ಅದೂ ತೂಕದ ಹೊತ್ತಿಗೆ ಕೆಳಗಿಳಿಯುವ ಚಾಳಿಯೇ. ಚೀಟಿಯಲ್ಲಿ ಹಗುರವಾಗಿ, ಹೊರಡುವಾಗ ಹೇಗೂ ಹತ್ತಿ ಕೂರುತ್ತೇವೆ. ಅದಕ್ಕೇ ಆ ಮಾತನ್ನು ನುಂಗಿಕೊಂಡೆ. ನನಗೂ ಬೆಟ್ಟ ನೋಡಬೇಕಿತ್ತು.

ಸಂಜೆ ಶಿವಣ್ಣನೇ ಮಾರುವವನಿಗೆ ಫೋನು ಮಾಡಿದ. ಗ್ರಾನೈಟ್ ಕಿತ್ತು ತಗಡು ಹಾಕಬೇಕು, ತೇಗದ ಮಂಚ ತೆಗೆದು ಹಗುರದ್ದು ಕೂರಿಸಬೇಕು, ಅರ್ಧ ಟ್ಯಾಂಕು ನೀರು ಸಾಕು. ಆಮೇಲೆ ಜನ, ಸಾಮಾನು ಸಮೇತ ಇನ್ನೊಮ್ಮೆ ತೂಕ. ನಾಲ್ಕು ಸಾವಿರದೊಳಗೆ ನಿಂತರೆ ವ್ಯಾಪಾರ, ಇಲ್ಲದಿದ್ದರೆ ಇಲ್ಲ. ಮಾರುವವನು ಗೊಣಗಿಕೊಂಡೇ ಒಪ್ಪಿದ. ಶಿವಣ್ಣ ಉತ್ಸಾಹದಿಂದ ಹಾಳೆ ತೆಗೆದು ಹೊರಡುವವರ ಹೆಸರು ಬರೆದು, ಒಬ್ಬೊಬ್ಬರ ತೂಕವನ್ನೂ ಕೇಳಿ ಗುರುತು ಹಾಕಿಕೊಂಡ. ನನ್ನ ಹೆಸರಿನ ಮುಂದೆ ಮಾತ್ರ ಜಾಗ ಖಾಲಿ. ಅಳಿಯನಾದವನು ಅತ್ತೆಯನ್ನು ಎಷ್ಟು ಕೆಜಿ ಎಂದು ಹೇಗೆ ಕೇಳಿಯಾನು? ಪಾಪ, ಪೆನ್ನು ಹಿಡಿದು ಗೋಡೆ ನೋಡುತ್ತ ಕೂತಿದ್ದ.

ಮಾರನೇ ಬೆಳಿಗ್ಗೆ ಆ ಹಾಳೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಪಯಣಕ್ಕೆ ಒಯ್ಯುವ ಬಟ್ಟೆಗಂಟನ್ನು ಹಿಡಿದು ಬೀದಿಯ ಕೊನೆಯ ರೇಷನ್ ಅಂಗಡಿಗೆ ಹೋದೆ. ಅಕ್ಕಿಗೆ ನಿಂತ ಸಾಲೆಲ್ಲ ನೋಡುತ್ತಿದ್ದಂತೆ ಗಂಟಿನ ಸಮೇತ ತಕ್ಕಡಿಯ ಮೇಲೆ ಹತ್ತಿದೆ. "ಚಪ್ಪಲಿ ಬುಡಜ್ಜಿ," ಎಂದ ಅಂಗಡಿಯವನು. "ಅವೂ ಬತ್ತವೆ ಕಣಪ್ಪ, ನೀನ್ ಓದು," ಅಂದೆ. ಎಪ್ಪತ್ತೊಂಬತ್ತು ಎಂದ. ಅವನದೇ ಪೆನ್ನು ಇಸಕೊಂಡು ಖಾಲಿ ಜಾಗದಲ್ಲಿ ದಪ್ಪಗೆ ಎಪ್ಪತ್ತೊಂಬತ್ತು ಎಂದು ಬರೆದೆ.